ಬಿಸಿಲು ಬರೆದು ಬಿಸಿಲೇ ಅಳಿಸುವ ಚಿತ್ರ

ಅರಿಸಿನದ ಕಲೆ ತಗುಲಿದ ಬಿಳಿಯ ವಸ್ತ್ರವನ್ನು ಎಷ್ಟು ಒಗೆದರೂ ಹಳದಿ ಹೋಗದಿದ್ದಾಗ ಮನೆಯ ಹಿರಿಯ ಹೆಂಗಸರು ಚಿಂತಿಸುವುದಿಲ್ಲ. ಒದ್ದೆಯ ವಸ್ತ್ರವನ್ನು ಬಿಸಿಲಿಗೆ ಹರವಿ ತಮ್ಮ ಬೇರೆ ಕೆಲಸಗಳಿಗೆ ತೊಡಗುತ್ತಾರೆ. ಸಂಜೆಯ ಹೊತ್ತಿಗೆ ಕಲೆ ತಿಳಿಯಾಗಿರುತ್ತದೆ. ಮತ್ತೆರಡು ದಿನ ಹರವಿದರೆ ಅದರ ಸುಳಿವೂ ಉಳಿಯುವುದಿಲ್ಲ. ಸಾಬೂನಿನಿಂದ ಆಗದ ಕಾರ್ಯವನ್ನು ಸೂರ್ಯನು ಮಾಡುವನೆಂಬುದನ್ನು ಅವರು ಯಾವ ಗ್ರಂಥದಿಂದಲೂ ಕಲಿತವರಲ್ಲ. ಹೀಗೆ ಹರವಿದ ಹಳದಿ ವಸ್ತ್ರದ ಮೇಲೆ ಬೇವಿನ ಎಲೆಯೊಂದು ಉದುರಿ, ಒದ್ದೆಗೆ ಅಂಟಿಕೊಂಡು ಸಂಜೆಯವರೆಗೂ ಅಲ್ಲಿಯೇ ಇದ್ದಿತೆಂದು ಭಾವಿಸೋಣ. ಎಲೆಯನ್ನು ಎತ್ತಿದಾಗ ಅದರ ಅಡಿಯಲ್ಲಿ ಮಾತ್ರ ಹಳದಿ ಉಳಿದು, ಗರಗಸದ ಹಲ್ಲಿನಂತಹ ಅಂಚು ಸಹಿತ ಬೇವಿನೆಲೆಯ ಆಕೃತಿಯೊಂದು ವಸ್ತ್ರದ ಮೇಲೆ ಮೂಡಿರುತ್ತದೆ. ಅದನ್ನು ಬರೆದ ಕೈಯಿಲ್ಲ, ಕುಂಚವಿಲ್ಲ. ಚಿತ್ರ ಮಾತ್ರ ಇದೆ.

ಗೃಹಕೃತ್ಯದ ಈ ಸಾಮಾನ್ಯ ಸಂಗತಿಯನ್ನು ಕಾಗದದ ಮೇಲೆ ಕ್ರಮವರಿತು ಪರೀಕ್ಷಿಸಿ, ಇದರಿಂದ ಒಂದು ಚಿತ್ರವಿದ್ಯೆಯೇ ಹುಟ್ಟೀತೆ ಎಂದು ನೋಡಿದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್ಲರು. 1792ರಲ್ಲಿ ಜನಿಸಿದ ಇವರು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಏಕಮಾತ್ರ ಪುತ್ರರು. ತಂದೆ ಉತ್ತರದ ಆಕಾಶವನ್ನು ಶೋಧಿಸಿದರೆ ಮಗನು 1834ರಿಂದ 1838ರವರೆಗೆ ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರದಲ್ಲಿ ನೆಲೆಸಿ ದಕ್ಷಿಣದ ಆಕಾಶವನ್ನು ಶೋಧಿಸಿದರು. ರಾತ್ರಿಯೆಲ್ಲ ನಕ್ಷತ್ರ, ಹಗಲು ಬಿಡುವಾದಾಗ ಹೂವು. ಅಲ್ಲಿಯ ಕಾಡುಹೂಗಳ ಹೊರರೇಖೆಯನ್ನು ಹರ್ಷೆಲ್ಲರು ಕ್ಯಾಮೆರಾ ಲೂಸಿಡಾ ಎಂಬ ಉಪಕರಣದ ನೆರವಿನಿಂದ ಎಳೆದುಕೊಟ್ಟರೆ, ಪತ್ನಿ ಮಾರ್ಗರೆಟ್ ಅವರು ಅದಕ್ಕೆ ಬಣ್ಣ ತುಂಬುತ್ತಿದ್ದರು. ಹೀಗೆ ದಂಪತಿಗಳಿಬ್ಬರೂ ಕೂಡಿ ರಚಿಸಿದ ಪುಷ್ಪಚಿತ್ರಗಳು ನೂರಕ್ಕೂ ಮಿಕ್ಕಿವೆ. ಹೂವನ್ನು ಎಸಳೆಸಳಾಗಿ ನೋಡಿ ಪಳಗಿದ ಆ ಕಣ್ಣು, ಸ್ವದೇಶಕ್ಕೆ ಮರಳಿ 1840ರಲ್ಲಿ ಕೆಂಟ್ ಪ್ರಾಂತದ ಹಾಕ್‌ಹರ್ಸ್ಟ್ ಎಂಬಲ್ಲಿ ಮನೆ ಹೂಡಿದ ಮೇಲೆ, ಹೂವನ್ನೇ ಬಣ್ಣದ ಪೆಟ್ಟಿಗೆಯನ್ನಾಗಿ ಮಾಡಿಕೊಂಡಿತು.

ಅವರ ವಿಧಾನ ಸರಳವಾದುದು. ಆಗತಾನೆ ಕೊಯ್ದ ಹೂವಿನ ಎಸಳುಗಳನ್ನು ಕಲ್ವದಲ್ಲಿ ಅರೆದು, ಬೇಕಾದರೆ ತುಸು ಮದ್ಯಸಾರವನ್ನು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುವುದು. ಆ ರಸವನ್ನು ಅಗಲವಾದ ಕುಂಚದಿಂದ ಒಳ್ಳೆಯ ಕಾಗದದ ಮೇಲೆ ಸಮನಾಗಿ ಬಳಿದು ಕತ್ತಲೆಯಲ್ಲಿ ಒಣಗಿಸುವುದು. ಅನಂತರ ಆ ಕಾಗದದ ಮೇಲೆ ಅಚ್ಚಿನ ಚಿತ್ರವೊಂದನ್ನು ಇರಿಸಿ, ಅದರ ಮೇಲೆ ಗಾಜನ್ನು ಬಿಗಿದು ಬಿಸಿಲಿಗೆ ಒಡ್ಡುವುದು. ಅಚ್ಚಿನ ಕಪ್ಪು ಗೆರೆಗಳ ಅಡಿಯಲ್ಲಿ ರಸದ ಬಣ್ಣ ಉಳಿಯುತ್ತದೆ; ಗೆರೆಯಿಲ್ಲದ ಕಡೆ ಬಿಸಿಲು ಹಾಯ್ದು ಬಣ್ಣ ಹಾರುತ್ತದೆ. ಆದ್ದರಿಂದ ಕಪ್ಪಿದ್ದಲ್ಲಿ ಗಾಢವಾಗಿ, ಬೆಳ್ಪಿದ್ದಲ್ಲಿ ತಿಳಿಯಾಗಿ, ಮೂಲದಂತೆಯೇ ನೇರವಾದ ಪ್ರತಿಕೃತಿ ದೊರೆಯುತ್ತದೆ. ಕೆಂಪು ಗಸಗಸೆ ಹೂ, ಸ್ಟಾಕ್ ಹೂ, ನೇರಿಳೆ ಬಣ್ಣದ ವಯೊಲೆಟ್, ಇಂದು ಕೆರಿಯಾ ಎಂದು ಕರೆಯಲಾಗುವ ಹಳದಿ ಹೂವು ಮುಂತಾದ ತೋಟದ ಎಷ್ಟೋ ಹೂಗಳು ಆ ಕಲ್ವಕ್ಕೆ ಬಿದ್ದುವು. ಒಂದೊಂದರ ಗುಣವೂ ಒಂದೊಂದು ಬಗೆ. ಕೆಲವು ಬೇಗ ಮಾಸಿದರೆ ಕೆಲವು ಹಠಮಾರಿಗಳು. ಇಂಗ್ಲೆಂಡಿನ ಬಿಸಿಲಾದರೋ ನೆಚ್ಚತಕ್ಕುದಲ್ಲ. ಒಂದು ಚಿತ್ರ ಸಿದ್ಧವಾಗಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳೇ ಬೇಕು. ಮೋಡ ಕವಿದರೆ ಕಾಯುವುದೇ ಕೆಲಸ. ನೀಹಾರಿಕೆಗಳನ್ನು ಎಣಿಸುತ್ತ ವರ್ಷಗಟ್ಟಲೆ ರಾತ್ರಿಗಳನ್ನು ಕಳೆದವರಿಗೆ ಈ ಕಾಯುವಿಕೆ ಭಾರವೆನಿಸಿರಲಾರದು.

ಈ ಪ್ರಯೋಗಗಳ ವಿವರವನ್ನು ಅವರು 1842ರ ಜೂನ್ ತಿಂಗಳಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಅದರಲ್ಲಿ ಒಂದು ಮಾರ್ಮಿಕವಾದ ಅವಲೋಕನೆಯಿದೆ. ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಏಳು ಬಣ್ಣಗಳಾಗಿ ಒಡೆದು ರಸಲೇಪಿತ ಕಾಗದದ ಮೇಲೆ ಬೀಳಿಸಿದಾಗ, ಯಾವ ಬಣ್ಣದ ಕಿರಣ ಯಾವ ರಸವನ್ನು ಕೆಡಿಸುತ್ತದೆಂಬುದು ಕಾಣುತ್ತದೆ. ಬಹುಮಟ್ಟಿಗೆ, ಒಂದು ಬಣ್ಣವನ್ನು ಅಳಿಸುವ ಕಿರಣಗಳು ಅದೇ ಬಣ್ಣದವಲ್ಲ, ಅದರ ಪೂರಕವರ್ಣದವು ಎಂದು ಹರ್ಷೆಲ್ಲರು ಕಂಡುಕೊಂಡರು. ಹಳದಿಯ ವೈರಿ ನೀಲಿ, ನೀಲಿಯ ವೈರಿ ಕೆಂಪು ಹಳದಿಗಳು. ಕಾರಣವೂ ಸ್ಪಷ್ಟ: ವಸ್ತು ಯಾವ ಕಿರಣವನ್ನು ಹೊರಕ್ಕೆ ತಳ್ಳುತ್ತದೆಯೋ ಅದು ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ, ಯಾವುದನ್ನು ಒಳಗೆ ಸೇರಿಸಿಕೊಳ್ಳುತ್ತದೆಯೋ ಅದು ಒಳಗಿನಿಂದ ಅದನ್ನು ಕೆಡಿಸುತ್ತದೆ.

ಇಲ್ಲಿ ಪದಗಳ ವಿಚಾರವನ್ನು ಒಂದಿಷ್ಟು ಹೇಳಬೇಕು. ‘ಫೋಟೋಗ್ರಫಿ’ ಎಂಬ ಮಾತನ್ನು 1839ರಲ್ಲಿ ವಿದ್ವತ್ಸಭೆಯ ಮುಂದೆ ಬಳಸಿ ರೂಢಿಗೆ ತಂದವರು ಇದೇ ಹರ್ಷೆಲ್ಲರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಬೆಳಕಿನ ಬರಹ’ ಎಂದು. ಕನ್ನಡದಲ್ಲಿ ಬಳಕೆಗೆ ಬಂದುದಾದರೋ ‘ಛಾಯಾಚಿತ್ರ’, ಅಂದರೆ ನೆರಳಿನ ಚಿತ್ರ. ಒಂದೇ ವಸ್ತುವನ್ನು ಒಂದು ಭಾಷೆ ಬೆಳಕಿನ ಕಡೆಯಿಂದಲೂ ಇನ್ನೊಂದು ನೆರಳಿನ ಕಡೆಯಿಂದಲೂ ಹೆಸರಿಸಿತು. ಹೂವಿನ ರಸದ ಚಿತ್ರಕ್ಕೆ ‘ಆಂಥೋಟೈಪ್’, ಎಂದರೆ ಪುಷ್ಪಮುದ್ರೆ, ಎಂಬ ಹೆಸರು ನೆಲೆಗೊಂಡಿತು. ಈ ಪುಷ್ಪಮುದ್ರೆಯ ಮಟ್ಟಿಗೆ ಕನ್ನಡದ ‘ಛಾಯಾಚಿತ್ರ’ವೇ ಹೆಚ್ಚು ಸಮಂಜಸವೆಂದು ತೋರುತ್ತದೆ. ಏಕೆಂದರೆ ಇದರಲ್ಲಿ ಬೆಳಕು ಬರೆಯುವುದೇ ಇಲ್ಲ. ಅದು ಅಳಿಸುತ್ತದೆ, ನೆರಳು ಕಾಪಾಡಿದಷ್ಟು ಉಳಿಯುತ್ತದೆ.

ಈ ಒಂದು ಭೇದದಲ್ಲಿಯೇ ಪುಷ್ಪಮುದ್ರೆಯ ಹಣೆಬರಹವೆಲ್ಲ ಅಡಗಿದೆ. ಬೆಳ್ಳಿಯ ಲವಣಗಳಿಂದ ತೆಗೆದ ಚಿತ್ರವನ್ನು ಇದರೊಡನೆ ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ಬೆಳ್ಳಿಯ ಲವಣ ಬೆಳಕಿಗೆ ಕಪ್ಪಾಗುತ್ತದೆಂಬುದು ಹದಿನೆಂಟನೆಯ ಶತಮಾನದಿಂದಲೇ ತಿಳಿದಿತ್ತು. ಥಾಮಸ್ ವೆಜ್‌ವುಡ್ ಎಂಬವರು ಅದನ್ನು ಕಾಗದಕ್ಕೂ ಬಿಳಿಯ ತೊಗಲಿಗೂ ಬಳಿದು ಎಲೆಗಳ ಆಕೃತಿಗಳನ್ನು ಪಡೆದುದನ್ನು 1802ರಲ್ಲಿ ಹಂಫ್ರಿ ಡೇವಿಯವರು ಪ್ರಕಟಿಸಿದರು. ಆದರೆ ಆ ಆಕೃತಿಗಳನ್ನು ಹಗಲು ಬೆಳಕಿಗೆ ತಂದರೆ ಉಳಿದ ಭಾಗವೂ ಕಪ್ಪಾಗಿ ಚಿತ್ರ ಮುಳುಗಿಹೋಗುತ್ತಿತ್ತು. ದೀಪದ ಮಂದ ಬೆಳಕಿನಲ್ಲಿ ಕದ್ದು ನೋಡುವ ಭಾಗ್ಯವಷ್ಟೇ ಅವರದು. ಆ ತೊಡಕನ್ನು ಬಿಡಿಸಿದುದೂ ಹರ್ಷೆಲ್ಲರ ಕೈಯೇ. ಇಂದು ‘ಹೈಪೋ’ ಎಂದು ಕರೆಯುವ ಲವಣದ ದ್ರಾವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಅವರು 1819ರಲ್ಲಿಯೇ ತಿಳಿಸಿದ್ದರು. 1839ರ ಜನವರಿಯಲ್ಲಿ ಫ್ರಾನ್ಸಿನ ಡಾಗೇರ್ ಮಹಾಶಯರ ಚಿತ್ರಗಳ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಆ ಹಳೆಯ ಅರಿವನ್ನು ನೆನೆದು, ಚಿತ್ರವನ್ನು ಹೈಪೋದಲ್ಲಿ ತೊಳೆದು ಸ್ಥಿರಗೊಳಿಸಿದರು. ಬೆಳಕು ತಾಗಿದ ಕಡೆ ಲವಣವು ಬೆಳ್ಳಿಯಾಗಿ ನಿಂತಿರುತ್ತದೆ. ತಾಗದ ಕಡೆ ಉಳಿದ ಲವಣ ತೊಳೆದುಹೋಗುತ್ತದೆ. ಚಿತ್ರವೆಂಬುದು ಅಲ್ಲಿ ಬದಲಾದ ಭಾಗ. ಬದಲಾಗದ ಭಾಗ ಕಸ. ಕಸವನ್ನು ತೊಳೆದರೆ ಚಿತ್ರ ನಿರ್ಭಯವಾಗುತ್ತದೆ.

ಹೂವಿನ ರಸದಲ್ಲಿ ಇದು ತಲೆಕೆಳಗು. ಬಿಸಿಲು ತಾಗಿ ಬದಲಾದ ಭಾಗ ಬರಿದಾದ ಕಾಗದ. ಬದಲಾಗದೆ ಉಳಿದ ರಸವೇ ಚಿತ್ರ. ಆ ರಸವು ಇನ್ನೂ ಬೆಳಕಿಗೆ ಮೊದಲಿನಷ್ಟೇ ಮೆತ್ತಗಾಗಿದೆ. ಅದನ್ನು ತೊಳೆದರೆ ಚಿತ್ರವೇ ತೊಳೆದುಹೋಗುತ್ತದೆ. ತೊಳೆಯದೆ ಬಿಟ್ಟರೆ ನೋಡುವ ಬೆಳಕೇ ಅದನ್ನು ದಿನದಿನಕ್ಕೆ ತಿನ್ನುತ್ತದೆ. ಇದಕ್ಕೆ ಹೈಪೋದಂತಹ ಮದ್ದು ಇರಲು ಸಾಧ್ಯವಿಲ್ಲ. ಪ್ರಕೃತಿಯ ಬಣ್ಣಗಳಿಂದಲೇ ಪ್ರಕೃತಿಯ ಚಿತ್ರವನ್ನು ಪಡೆಯಬೇಕೆಂದು ಹೊರಟ ಹರ್ಷೆಲ್ಲರಿಗೆ ಇದು ಸಣ್ಣ ಸೋಲಲ್ಲ. ಬೆಳ್ಳಿಯ ಚಿತ್ರಕ್ಕೆ ಸ್ಥಿರತೆಯನ್ನು ದಯಪಾಲಿಸಿದ ಕೈಗೆ ಹೂವಿನ ಚಿತ್ರವನ್ನು ನಿಲ್ಲಿಸಲು ಆಗಲಿಲ್ಲ. ಅವರ ಪ್ರಯೋಗದ ಕಾಗದಗಳು ಕೆಲವು ಆಕ್ಸ್‌ಫರ್ಡಿನ ವಿಜ್ಞಾನೇತಿಹಾಸ ಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಇಂತಹ ಕಾಗದಗಳು ಉಳಿಯುವುದು ಕತ್ತಲೆಯ ದಯೆಯಿಂದ. ಒಬ್ಬೊಬ್ಬ ನೋಡುಗನೂ ಅವುಗಳ ಆಯುಷ್ಯದಲ್ಲಿ ಒಂದೊಂದು ಪಾಲನ್ನು ತೆಗೆದುಕೊಂಡು ಹೋಗುತ್ತಾನೆ.

ಚಿತ್ರಕಾರರಿಗೆ ಈ ಭಯ ಹೊಸದೇನೂ ಅಲ್ಲ. ಮಣ್ಣು ಕಲ್ಲುಗಳ ಬಣ್ಣ ನಿಲ್ಲುವುದು, ಹೂವು ಹಣ್ಣುಗಳ ಬಣ್ಣ ಹಾರುವುದು ಎಂಬುದು ಎಲ್ಲ ದೇಶದ ಚಿತ್ರಕಾರರ ಅನುಭವ. ಕನ್ನಡ ನಾಡಿನಲ್ಲಿ ಇದಕ್ಕೆ ಸಾಕ್ಷಿ ಬೇಕಾದರೆ ಬಾದಾಮಿಗೆ ಹೋಗಬೇಕು. ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವರ್ಣಚಿತ್ರಗಳ ಕುರುಹು ಹದಿನಾಲ್ಕು ಶತಮಾನಗಳ ಬಳಿಕವೂ ಕಾಣುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಬೆಳಕು ಅದಕ್ಕೆ ಮಾಡುವುದೇನೂ ಉಳಿದಿಲ್ಲ. ಹೂವಿನ ಕೆಂಪು ಹಾಗಲ್ಲ, ಅದು ಬಾಳಿನ ನಡುವಿನಿಂದ ಕಿತ್ತು ತಂದ ಕೆಂಪು. ಸಂಸ್ಕೃತದಲ್ಲಿ ‘ರಂಜ್’ ಎಂಬ ಧಾತುವಿಗೆ ಬಣ್ಣವೇರುವುದೆಂಬ ಅರ್ಥವಿದೆ. ಅದರಿಂದ ಹುಟ್ಟಿದ ‘ರಾಗ’ ಶಬ್ದಕ್ಕೆ ಬಣ್ಣವೆಂದೂ ಅರ್ಥ, ಮೋಹವೆಂದೂ ಅರ್ಥ. ‘ವಿರಾಗ’ವೆಂದರೆ ಬಣ್ಣ ಬಿಡುವುದು. ಮಠದ ಅಂಗಳದಲ್ಲಿ ಬೆಳೆಯುವ ಮಕ್ಕಳಿಗೆ ವೈರಾಗ್ಯದ ಅರ್ಥವನ್ನು ವಿವರಿಸಬೇಕಾದ ಉಪಾಧ್ಯಾಯರು ಬಿಸಿಲಿಗೆ ಹರವಿದ ಅರಿಸಿನದ ವಸ್ತ್ರವನ್ನು ತೋರಿಸಿದರೂ ಸಾಕು.

ಹರ್ಷೆಲ್ಲರು ನಿಲ್ಲಿಸಿದಲ್ಲಿಂದ ಈ ವಿಷಯವನ್ನು ಮುಂದಕ್ಕೆ ಒಯ್ದವರು ಮೇರಿ ಸೊಮರ್ವಿಲ್ ಎಂಬ ವಿದುಷಿ. 1780ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಗಣಿತವನ್ನು ಬಹುಮಟ್ಟಿಗೆ ತಾವೇ ಓದಿ ಕಲಿತು, ಯುರೋಪಿನ ಪಂಡಿತರಿಂದ ಗೌರವ ಪಡೆದವರು. 1845ರಲ್ಲಿ ಅರುವತ್ತೈದರ ಸಮೀಪದ ವಯಸ್ಸಿನಲ್ಲಿ, ಇಟಲಿಯ ಉದಾರವಾದ ಬಿಸಿಲಿನಲ್ಲಿ, ಸಸ್ಯರಸ ಬಳಿದ ಕಾಗದಗಳ ಮೇಲೆ ವರ್ಣಪಟಲವನ್ನು ಬೀಳಿಸಿ ಒಂದೊಂದು ಕಿರಣದ ಪರಿಣಾಮವನ್ನು ಬರೆದಿಟ್ಟರು. ಆದರೆ ರಾಯಲ್ ಸೊಸೈಟಿಯಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಆ ಬರವಣಿಗೆ ಹರ್ಷೆಲ್ಲರಿಗೆ ರೋಮಿನಿಂದ ಬರೆದ ಕಾಗದದ ರೂಪದಲ್ಲಿ ಹೋಗಿ, ಅವರ ಮೂಲಕ ಸಭೆಯನ್ನು ಸೇರಿ, ‘ಪತ್ರದಿಂದ ಆಯ್ದ ಭಾಗ’ವೆಂಬ ತಲೆಬರಹವನ್ನು ಹೊತ್ತು 1846ರಲ್ಲಿ ಅಚ್ಚಾಯಿತು. ಸಭೆಯವರು ಆಕೆಯನ್ನು ಅರಿಯದವರೇನಲ್ಲ. ಅವರ ಮಹಾಮಂದಿರದಲ್ಲಿ ಆಕೆಯ ಅಮೃತಶಿಲೆಯ ಅರ್ಧಪ್ರತಿಮೆಗೆ ಸ್ಥಳವಿತ್ತು. ಆಕೆಗೆ ಮಾತ್ರ ಪೀಠವಿರಲಿಲ್ಲ. ಮೊದಲ ಇಬ್ಬರು ಸ್ತ್ರೀಯರು ಆ ಸಂಘದ ಸದಸ್ಯರಾಗಿ ಚುನಾಯಿತರಾದುದು 1945ರಲ್ಲಿ, ಆ ಪತ್ರ ಬರೆದು ಸರಿಯಾಗಿ ನೂರು ವರ್ಷಗಳ ಮೇಲೆ. ಹನ್ನೆರಡನೆಯ ಶತಮಾನದ ಶರಣೆಯರ ವಚನಗಳನ್ನು ಓದಿ ಬೆಳೆದವರಿಗೆ ಈ ವಿಳಂಬ ವಿಚಿತ್ರವಾಗಿ ತೋರೀತು. ಹಾಗೆಂದು ಬೀಗುವಂತೆಯೂ ಇಲ್ಲ. ಆ ಶರಣೆಯರ ತರುವಾಯ ಈ ನಾಡಿನ ಎಷ್ಟು ಹೆಣ್ಣುಮಕ್ಕಳ ಕೈಗೆ ಓಲೆಗರಿ ಬಂದಿತೆಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ನಿಲ್ಲದ ಹೂವಿನ ಬಣ್ಣದ ಜೊತೆಜೊತೆಗೇ ಹರ್ಷೆಲ್ಲರಿಗೆ ನಿಲ್ಲುವ ಬಣ್ಣವೊಂದು ದೊರೆತಿತ್ತು. ಅದೇ 1842ರಲ್ಲಿ ಅವರು ಕಬ್ಬಿಣದ ಲವಣಗಳನ್ನು ಪರೀಕ್ಷಿಸಿದರು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ದ್ರಾವಣಗಳನ್ನು ಕೂಡಿಸಿ ಕಾಗದಕ್ಕೆ ಬಳಿದು, ಒಣಗಿಸಿ, ಎಲೆಯನ್ನೋ ಹೂವನ್ನೋ ಮೇಲಿಟ್ಟು ಬಿಸಿಲಿಗೆ ಒಡ್ಡಿ, ಬರಿಯ ನೀರಿನಲ್ಲಿ ತೊಳೆದರೆ ಸಾಕು. ಬಿಸಿಲು ತಾಗಿದ ಕಡೆಯಲ್ಲೆಲ್ಲ ಕಡುನೀಲಿ ನಿಲ್ಲುತ್ತದೆ; ನೆರಳಿದ್ದ ಕಡೆ ಲವಣ ಕರಗಿಹೋಗಿ ಬೆಳ್ಳನೆಯ ಆಕೃತಿ ಉಳಿಯುತ್ತದೆ. ಇದಕ್ಕೆ ‘ಸಯನೋಟೈಪ್’ ಎಂದು ಹೆಸರಾಯಿತು.

ಇದನ್ನು ಕೈಗೆತ್ತಿಕೊಂಡು ಗ್ರಂಥವನ್ನಾಗಿಸಿದವರು ಆನಾ ಆಟ್ಕಿನ್ಸ್. ಇವರ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ, ಹರ್ಷೆಲ್ಲರ ಸ್ನೇಹಿತರು. 1799ರಲ್ಲಿ ಜನಿಸಿದ ಮಗಳು ಎಳೆವಯಸ್ಸಿನಲ್ಲಿಯೇ ತಂದೆಯ ಗ್ರಂಥವೊಂದಕ್ಕೆ ಚಿಪ್ಪುಗಳ ಚಿತ್ರಗಳನ್ನು ಬರೆದುಕೊಟ್ಟ ಕೈಗಾರ್ತಿ. ಆದರೆ ಸಮುದ್ರದ ಪಾಚಿಯ ಎಳೆಗಳು ಕೂದಲಿಗಿಂತಲೂ ನವಿರು. ಅವುಗಳನ್ನು ಲೇಖನಿಯಿಂದ ಅನುಕರಿಸುವುದು ದುಸ್ಸಾಧ್ಯ. 1841ರಲ್ಲಿ ಹಾರ್ವೆಯವರ ಬ್ರಿಟಿಷ್ ಪಾಚಿಗಳ ಕೈಪಿಡಿ ಚಿತ್ರಗಳಿಲ್ಲದೆ ಹೊರಬಂದಿತ್ತು. ಪಾಚಿಗಳೇ ತಮ್ಮ ಚಿತ್ರವನ್ನು ಬರೆದುಕೊಳ್ಳಲಿ ಎಂದು ಆನಾ ಅವರು ಒಂದೊಂದನ್ನೇ ಒಣಗಿಸಿ, ರಸಾಯನ ಬಳಿದ ಕಾಗದದ ಮೇಲೆ ಹರಡಿ, ಬಿಸಿಲಿಗಿಟ್ಟು, ನೀರಿನಲ್ಲಿ ತೊಳೆದರು. 1843ರ ಅಕ್ಟೋಬರಿನಲ್ಲಿ ಮೊದಲ ಭಾಗ ಹೊರಟಿತು. 1853ಕ್ಕೆ ಕಾರ್ಯ ಮುಗಿಯಿತು. ಛಾಯಾಚಿತ್ರಗಳಿಂದ ಅಲಂಕೃತವಾದ ಜಗತ್ತಿನ ಮೊದಲ ಗ್ರಂಥ ಇದೆಂದು ಪ್ರಸಿದ್ಧಿ. ಅಚ್ಚಿನ ಮೊಳೆಯ ಗೊಡವೆಯೂ ಇಲ್ಲ; ಮಾತುಗಳನ್ನು ಕೈಯಲ್ಲಿ ಬರೆದು, ಅವನ್ನೂ ಬಿಸಿಲಿನಿಂದಲೇ ಮುದ್ರಿಸಿದರು. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಯನ್ನೂ ಬೇರೆಬೇರೆಯಾಗಿ ಬಳಿದು, ಒಡ್ಡಿ, ತೊಳೆದು, ಒಣಗಿಸಬೇಕು. ಹತ್ತು ವರ್ಷ ಈ ಕೆಲಸವನ್ನು ನಡೆಸಿದುದಕ್ಕೆ ಕಾಯಕವೆಂಬುದಲ್ಲದೆ ಬೇರೆ ಹೆಸರು ಹೊಂದದು. ನೀಲಿಯ ನಡುವೆ ಬಿಳಿಯ ಪಾಚಿ ತೇಲುವ ಆ ಹಾಳೆಗಳನ್ನು ಕಂಡವರಿಗೆ ಅದು ಕಾಗದವೋ ಕಡಲೋ ಎಂಬ ಭ್ರಮೆ ಹುಟ್ಟುತ್ತದೆ.

ಇಷ್ಟು ಮಾಡಿ ಆಕೆ ಹಾಕಿದ ಅಂಕಿತ ಎರಡೇ ಅಕ್ಷರ: ‘ಎ. ಎ.’ ಶರಣರು ತಮ್ಮ ಹೆಸರಿನ ಸ್ಥಾನದಲ್ಲಿ ಇಷ್ಟದೈವದ ಹೆಸರನ್ನಿಟ್ಟರು. ಇವರು ಅದನ್ನೂ ಇಡಲಿಲ್ಲ. ಮುಂದೆ ಆ ಗ್ರಂಥವನ್ನು ಕಂಡ ಒಬ್ಬರು ಆ ಎರಡು ಅಕ್ಷರಗಳನ್ನು ‘ಅನಾಮಧೇಯ ಹವ್ಯಾಸಿ’ ಎಂಬರ್ಥದ ಇಂಗ್ಲಿಷ್ ಮಾತುಗಳ ಸಂಕ್ಷೇಪವೆಂದು ಊಹಿಸಿದರಂತೆ. ಪಾಚಿಯ ಎಳೆ ಉಳಿದು ಹೆಸರೇ ಮಾಸಿತ್ತು.

ಆ ನೀಲಿಯ ಗುಣವೊಂದು ಇನ್ನೂ ಸೋಜಿಗದ್ದು. ಅದನ್ನು ಬಹಳ ಹೊತ್ತು ತೀಕ್ಷ್ಣವಾದ ಬೆಳಕಿನಲ್ಲಿಟ್ಟರೆ ಅದೂ ತಿಳಿಯಾಗುತ್ತದೆ. ಆದರೆ ಕತ್ತಲೆಯಲ್ಲಿ ಗಾಳಿಯಾಡುವಂತೆ ಕೆಲವು ಕಾಲ ಇಟ್ಟರೆ ಕಳೆದುಕೊಂಡ ಬಣ್ಣವನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ಹೂವಿನ ರಸಕ್ಕೆ ಈ ಭಾಗ್ಯವಿಲ್ಲ. ಅಲ್ಲಿ ಹೋದುದು ಹೋಯಿತು. ಹರ್ಷೆಲ್ಲರು 1871ರಲ್ಲಿ ತೀರಿಕೊಂಡರು. ಅದೇ ದಶಕದಿಂದ ಎಂಜಿನಿಯರುಗಳು ತಮ್ಮ ನಕ್ಷೆಗಳ ಪ್ರತಿಗಳನ್ನು ಈ ವಿಧಾನದಿಂದ ತೆಗೆಯತೊಡಗಿದರು. ಸೇತುವೆ, ಅಣೆಕಟ್ಟು, ಕಟ್ಟಡಗಳೆಲ್ಲ ಮೊದಲು ನೀಲಿಯ ಹಾಳೆಯ ಮೇಲೆ ಬಿಳಿಯ ಗೆರೆಗಳಾಗಿ ಎದ್ದುವು. ಕನ್ನಡದ ‘ನೀಲನಕ್ಷೆ’ ಎಂಬ ಶಬ್ದದ ಮೂಲ ಇದು. ಆ ನೀಲಿ ಕಾಗದಗಳು ಕಚೇರಿಗಳಿಂದ ಎಂದೋ ಮರೆಯಾದುವು. ಶಬ್ದ ಮಾತ್ರ ಭಾಷಣಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಣ್ಣಗೆಡದೆ ನಿಂತಿದೆ. ಅದನ್ನು ಬಳಸುವವರಲ್ಲಿ ಎಷ್ಟು ಮಂದಿಗೆ ಅದರೊಳಗಿನ ನೀಲಿ ಕಂಡೀತು!

ಹರ್ಷೆಲ್ಲರು ಕೈಬಿಟ್ಟ ಪುಷ್ಪಮುದ್ರೆಯನ್ನು ಈಚಿನ ಕೆಲವು ಚಿತ್ರಕಾರರು ಹಲವು ದೇಶಗಳಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಪಾಲಕ್ ಸೊಪ್ಪಿನ ಹಸುರು, ಬೀಟ್‌ರೂಟಿನ ಕೆಂಪು, ಅರಿಸಿನದ ಹಳದಿ ಅವರ ಕುಂಚದ ಬಣ್ಣಗಳು. ಮಾಸುತ್ತದೆಂಬುದನ್ನು ಅರಿತೇ ಬಳಸುತ್ತಾರೆ. ಇವುಗಳಲ್ಲಿ ಅರಿಸಿನವು ಪಾಠಶಾಲೆಯ ಮಕ್ಕಳಿಗೆ ಸುಲಭವಾದುದು. ಅದರ ಬಣ್ಣ ನೀರಿಗೆ ಬಿಡುವುದು ಕಡಮೆ. ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಬಿಡುತ್ತದೆ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಉಪಾಧ್ಯಾಯರು ಹತ್ತಿರವಿರಬೇಕು, ದೀಪ ದೂರವಿರಬೇಕು. ಅರಿಸಿನದ ಪುಡಿಯನ್ನು ಅದರಲ್ಲಿ ಕಲಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ, ಬಿಸಿಲು ಬಾರದ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿದು ಒಣಗಿಸುವುದು. ಮೇಲೆ ಬಿಲ್ವದ ದಳವನ್ನೋ ಅರಳಿಯ ಎಲೆಯನ್ನೋ ಇಟ್ಟು ಗಾಜನ್ನು ಹೊದಿಸಿ ಅಂಗಳದಲ್ಲಿ ಇಡುವುದು. ಕೆಂಟ್ ಪ್ರಾಂತದಲ್ಲಿ ವಾರಗಟ್ಟಲೆ ಕಾಯಬೇಕಾದುದಕ್ಕೆ ಬಯಲುಸೀಮೆಯ ಚೈತ್ರದ ಬಿಸಿಲಿನಲ್ಲಿ ಕೆಲವು ಗಂಟೆ ಸಾಕು. ಎಲೆ ತೆಗೆದ ಬಳಿಕ ಕಾಗದವನ್ನು ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿದರೆ ಉಳಿದ ಹಳದಿಯು ಕೆಂಗಂದು ಬಣ್ಣಕ್ಕೆ ತಿರುಗಿ ಎಲೆ ಎದ್ದು ಕಾಣುತ್ತದೆ. ಅರಿಸಿನಕ್ಕೆ ಸುಣ್ಣ ಸೋಕಿದರೆ ಆರತಿಯ ಓಕುಳಿ ಕೆಂಪಾಗುವುದೂ ಇದೇ ಕಾರಣದಿಂದ.

ಅಷ್ಟಾದರೂ ಅದು ಸ್ಥಿರವಾದ ಚಿತ್ರವಲ್ಲ. ಗೋಡೆಗೆ ತೂಗುಹಾಕಿದರೆ ಕೆಲವು ತಿಂಗಳುಗಳಲ್ಲಿ ಅರಳಿಯ ಎಲೆ ಮೊದಲು ಅಂಚಿನಲ್ಲಿ, ಅನಂತರ ನಡುವಿನಲ್ಲಿ, ಕಾಗದದೊಳಕ್ಕೆ ಇಳಿದುಹೋಗುತ್ತದೆ. ದಪ್ಪ ಪುಸ್ತಕದ ನಡುವೆ ಮಡಗಿದರೆ ಬಹುಕಾಲ ಬಾಳುತ್ತದೆ. ಆದರೆ ಆಗ ನೋಡುವವರಿಲ್ಲ. ಮಕ್ಕಳು ಅದನ್ನು ಪುಸ್ತಕದಲ್ಲಿಯೇ ಇಟ್ಟಿರುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಯಾರಾದರೂ ಗೆಳೆಯರು ಕೇಳಿದಾಗ, ಕಿಟಕಿಗೆ ಬೆನ್ನು ಮಾಡಿ, ಹಾಳೆಯನ್ನು ಅರ್ಧ ತೆರೆದು ತೋರಿಸಿ, ಮತ್ತೆ ಮುಚ್ಚುತ್ತಾರೆ.